ಅಳತೆ ತಪ್ಪಿದ ಊದ್

ಒಂದೇ ಬೆಳಗ್ಗೆ ಎಂಟು ಊದ್‌ಗಳನ್ನು, ಮಡಿಲಲ್ಲಿಟ್ಟು ನುಡಿಸುವ ತಂತಿವಾದ್ಯಗಳನ್ನು, ನಮ್ಮ ಮನೆಯ ರೊಟ್ಟಿ ಒಲೆಗೆ ಹಾಕಿದೆವು. ಎಂಟು ಎಂದುಕೊಂಡಿದ್ದೆವು, ನಿಜಕ್ಕೂ ಏಳು. ಅದು ಆಮೇಲಿನ ಮಾತು. ಸುಟ್ಟವರು ನನ್ನ ಗಂಡ ದನ್ನೂನ್, ಅವನ್ನು ಮಾಡಿದವರೂ ಅವರೇ. ಒಂದನ್ನು ಮಾತ್ರ ಚೀಲದ ಸಮೇತ ಮಗಳು ಹಾಕಿದಳು. ನಾನು ಆ ಬೆಂಕಿಯಲ್ಲೇ ರೊಟ್ಟಿ ತಟ್ಟಿ ಒಲೆಯ ಗೋಡೆಗೆ ಅಂಟಿಸಿದೆ. ಅಕ್ರೋಟು ಮರ, ಹಿಪ್ಪುನೇರಳೆ ಮರ, ಇಪ್ಪತ್ತು ಮೂವತ್ತು ವರ್ಷ ಒಣಗಿದ್ದವು. ಅಂಥ ಬೆಂಕಿಯನ್ನು ಆ ಒಲೆ ಅದಕ್ಕೂ ಮುಂಚೆ ಕಂಡಿರಲಿಲ್ಲ. ರೊಟ್ಟಿ ಚೆನ್ನಾಗಿಯೇ ಬಂತು. ನನಗೆ ಇನ್ನಷ್ಟು ಸಿಟ್ಟು ಬಂದದ್ದು ಅದಕ್ಕೇ. ಮೂವರೂ ತಿಂದೆವು.

ಕರಿಬಾವುಟದವರು ಮೋಸುಲ್‌ಗೆ ಬಂದು ಆಗ ಆರು ತಿಂಗಳಾಗಿತ್ತು. ಮೊದಲು ಸಿಗರೇಟು ಹೋಯಿತು, ಆಮೇಲೆ ಹೆಂಗಸರ ಮುಖ ಹೋಯಿತು, ಆಮೇಲೆ ಹಾಡು. ವಾದ್ಯ ಸಿಕ್ಕಿದ ಮನೆಯ ಗಂಡಸರನ್ನೂ ವಯಸ್ಸಾದ ಹೆಂಗಸರನ್ನೂ ಕರೆದೊಯ್ದು ಹೊಡೆದು ಕಳಿಸುತ್ತಿದ್ದರು. ಮದುವೆಯಾಗದ ಹುಡುಗಿಯಾದರೆ ಹೊಡೆಯುತ್ತಿರಲಿಲ್ಲ, ಕಳಿಸುತ್ತಲೂ ಇರಲಿಲ್ಲ. ತಮ್ಮವನೊಬ್ಬನಿಗೆ ಕಟ್ಟಿಬಿಡುತ್ತಿದ್ದರು. ನಮ್ಮ ಓಣಿಯ ದರ್ಜಿಯ ಮಗಳನ್ನು ಫೋನಿನಲ್ಲಿ ಹಾಡು ಇತ್ತೆಂದು ಹಾಗೇ ಕರೆದೊಯ್ದರು. ಅವಳ ತಾಯಿ ಇವತ್ತಿಗೂ ಬಾಗಿಲಿಗೆ ಚಿಲಕ ಹಾಕದೆ ಮಲಗುತ್ತಾಳೆ, ಮಗಳು ಬಂದು ತಟ್ಟಿದರೆ ಎಚ್ಚರವಾಗದಿದ್ದೀತೆಂದು.

ನಮ್ಮ ರೌನಕ್‌ಗೆ ಇಪ್ಪತ್ತಾರು ವರ್ಷ. ಒಬ್ಬಳೇ ಮಗಳು, ಮದುವೆಯಾಗಿಲ್ಲ. ಹುಡುಗಿಯರ ಶಾಲೆಯಲ್ಲಿ ಸಂಗೀತದ ಟೀಚರಾಗಿದ್ದಳು, ಆ ಪಾಠವನ್ನೇ ಶಾಲೆಯಿಂದ ಕಿತ್ತುಹಾಕಿದರು. ನನ್ನ ಭಯ ಏನೆಂದು ಇನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅವಳು ನುಡಿಸುತ್ತಿದ್ದದ್ದು ಅವಳಪ್ಪ ಮಾಡಿದ ಮೊಟ್ಟಮೊದಲ ಊದ್. ಅದು ಉಳಿದವಕ್ಕಿಂತ ಚಿಕ್ಕದು. ನಮ್ಮ ಕಡೆಯ ಊದ್‌ಗೆ ದೊಡ್ಡ ಹೊಟ್ಟೆ, ದಪ್ಪ ದನಿ. ತುರ್ಕಿಯವರದು ಸ್ವಲ್ಪ ಸಣ್ಣದು, ದನಿಯೂ ತೆಳು. ಇದು ತುರ್ಕಿಯ ಅಳತೆಗಿಂತಲೂ ಕುಳ್ಳಾಗಿತ್ತು. ನಾನು ಮದುವೆಯಾಗಿ ಈ ಮನೆಗೆ ಬಂದ ದಿನ ಗೋಡೆಯ ಮೇಲೆ ಅದೊಂದೇ ತೂಗುತ್ತಿತ್ತು. ನನಗಾಗ ಹತ್ತೊಂಬತ್ತು, ಬಾಯಿಗೆ ಬೀಗ ಇರಲಿಲ್ಲ. “ಇದೇನ್ರೀ, ಮಕ್ಕಳ ಆಟದ ಸಾಮಾನಾ?” ಎಂದು ಬಿದ್ದು ಬಿದ್ದು ನಕ್ಕೆ. ದನ್ನೂನ್‌ರ ಮುಖ ಸಣ್ಣಗಾಯಿತು. “ಮೊದಲನೇದು ಕಣೇ, ಅಳತೆ ತಪ್ಪೋಯ್ತು” ಎಂದರು. ಆಮೇಲೆ ಮೂವತ್ತೈದು ವರ್ಷ ನಾನು ಅದೇ ಮಾತು ಹಿಡಿದು ಅವರನ್ನು ರೇಗಿಸಿದೆ. ಶರಟು ಬಿಗಿಯಾದರೆ, ಸಾರಿಗೆ ಉಪ್ಪು ಹೆಚ್ಚಾದರೆ, “ಹೋಗಲಿ ಬಿಡಿ, ಅಳತೆ ತಪ್ಪೋಯ್ತು” ಎನ್ನುವುದು ನಮ್ಮ ಮನೆಯ ಮಾತೇ ಆಗಿಹೋಯಿತು. ಅವರೂ ನಗುತ್ತಿದ್ದರು.

ಅವರಿಗೆ ಒಂದು ಅಭ್ಯಾಸ. ಊದ್ ಮಾಡುವವರೆಲ್ಲ ಒಳಗೆ ತಮ್ಮ ಹೆಸರಿನ ಚೀಟಿ ಅಂಟಿಸುತ್ತಾರೆ, ಮುಖದ ಹಲಗೆಯ ತೂತಿನಲ್ಲಿ ಇಣುಕಿದರೆ ಕಾಣುತ್ತದೆ. ದನ್ನೂನ್ ಅದರ ಜೊತೆ ಇನ್ನೊಂದು ಮಾಡುತ್ತಿದ್ದರು. ಮುಖದ ಹಲಗೆಯನ್ನು ಹೊಟ್ಟೆಗೆ ಅಂಟಿಸಿ ಮುಚ್ಚುವ ಮುಂಚೆ, ಅದರ ಒಳಮೈಯಲ್ಲಿ ಪೆನ್ಸಿಲ್‌ನಿಂದ, ಆ ಊದ್ ಯಾರಿಗೆಂದು ಮಾಡಿದ್ದೋ ಅವರ ಹೆಸರು ಬರೆಯುತ್ತಿದ್ದರು. ಮುಚ್ಚಿದ ಮೇಲೆ ಅದು ಯಾರಿಗೂ ಕಾಣುವುದಿಲ್ಲ. ಮುಖವನ್ನೇ ಕಿತ್ತರೆ ಮಾತ್ರ ಕಾಣುತ್ತದೆ.

“ಯಾರೂ ಓದದ ಹೆಸರು ಯಾಕ್ರೀ ಬರೀತೀರಿ?” ಎಂದರೆ, “ಮರಕ್ಕೆ ಗೊತ್ತಿರ್ಬೇಕು, ಯಾರ ತೋಳಿಗೆ ಹೋಗ್ತಿದೀನಿ ಅಂತ” ಎನ್ನುತ್ತಿದ್ದರು.

“ಹಾಗಾದ್ರೆ ಈ ಕುಳ್ಳೀಲಿ ಯಾರ ಹೆಸರಿದೆ? ಯಾವಳೋ ಹಳೇ ಹುಡುಗಿದಿರಬೇಕು.”

“ಅದ್ರಲ್ಲಿ ಯಾರದೂ ಇಲ್ಲ. ಕಲಿಯೋಕೆ ಮಾಡಿದ್ದು.”

ರೌನಕ್‌ಗೆ ಹನ್ನೆರಡು ತುಂಬಿದಾಗ ಆ ಕುಳ್ಳಿಯನ್ನು ಅವಳಿಗೆ ಕೊಟ್ಟರು. ಒಳಗಿನ ಅಡ್ಡಪಟ್ಟಿಯೊಂದು ಸಡಿಲವಾಗಿದೆಯೆಂದು ಅಂಗಡಿಗೆ ಒಯ್ದು, ಮುಖ ಬಿಚ್ಚಿ, ಸರಿಮಾಡಿ, ಮತ್ತೆ ಅಂಟಿಸಿ ತಂದರು. “ನಿನ್ನ ಹೆಸರು ಬರೆದಿದೀನಿ ಮಗಳೇ, ಇನ್ಮೇಲೆ ಇದು ನಿಂದು” ಎಂದರು. ಅವಳು ಅದನ್ನು ಹಾಸಿಗೆಯಲ್ಲಿ ಪಕ್ಕಕ್ಕೆ ಇಟ್ಟುಕೊಂಡು ಮಲಗಿದಳು. ಅದರಲ್ಲೇ ಕಲಿತಳು, ಅದರಲ್ಲೇ ಬೆಳೆದಳು, ಮುಂದೆ ದೊಡ್ಡದನ್ನು ಮಾಡಿಕೊಟ್ಟರೂ ಅದನ್ನು ಬಿಡಲಿಲ್ಲ.

ಊದ್‌ಗಳನ್ನು ಸುಟ್ಟು ಒಂದು ತಿಂಗಳಿಗೆ, ಜನವರಿಯ ಚಳಿಯಲ್ಲಿ, ಸಂಜೆ ಪ್ರಾರ್ಥನೆಯ ಕೂಗಿಗೆ ಸ್ವಲ್ಪ ಮುಂಚೆ ರೌನಕ್ ಮಾಳಿಗೆಯಿಂದ ಇಳಿದು ಬಂದಳು. ಕೆನ್ನೆ ಕೆಂಪಾಗಿತ್ತು. ಎಷ್ಟೋ ತಿಂಗಳಿಂದ ನಾನು ಆ ಮುಖದಲ್ಲಿ ಬಣ್ಣ ಕಂಡಿರಲಿಲ್ಲ, ಅದಕ್ಕೇ ಗುಮಾನಿ ಬಂತು.

“ಎಲ್ಲಿಗೆ ಹೋಗಿದ್ದೆ?”

“ಒಣಗಿದ ಬಟ್ಟೆ ತರೋಕೆ.”

“ಬಟ್ಟೆ ಮಧ್ಯಾಹ್ನಾನೇ ತಂದಾಯ್ತು. ಬಟ್ಟೆಗೆ ಜೇಡರಬಲೆ ಕಟ್ಟಿರ್ಲಿಲ್ಲ, ನಿನ್ನ ತಲೇಲಿ ಕಟ್ಟಿದೆ. ನಿಜ ಹೇಳು.”

ಅವಳು ತಲೆ ಮುಟ್ಟಿಕೊಂಡಳು. ಆಮೇಲೆ ಎಲ್ಲ ಹೇಳಿದಳು. ಪಕ್ಕದ ಮನೆ ಡಾಕ್ಟರ್ ಹನ್ನಾ ಅವರದು. ಅವರು ಕ್ರೈಸ್ತರು, ಉಟ್ಟ ಬಟ್ಟೆಯಲ್ಲಿ ಊರು ಬಿಟ್ಟಿದ್ದರು, ಬಾಗಿಲಿಗೆ ಬೀಗವೂ ಇರಲಿಲ್ಲ. ನಮ್ಮ ಮಾಳಿಗೆಯ ಗೋಡೆ ಹತ್ತಿದರೆ ಅವರ ಮಾಳಿಗೆ. ಅಲ್ಲಿಂದ ಇಳಿದು ಅವರ ನೆಲಮಾಳಿಗೆಯಲ್ಲಿ ಇವಳು ಊದ್ ಬಚ್ಚಿಟ್ಟಿದ್ದಳು. ವಾರಕ್ಕೆರಡು ಸಲ ಹೋಗಿ ನುಡಿಸುತ್ತಿದ್ದಳು, ಸಣ್ಣಗೆ ಹಾಡುತ್ತಲೂ ಇದ್ದಳು.

“ಸುಟ್ಟೆ ಅಂದ್ಯಲ್ಲೇ! ನನ್ನ ಕಣ್ಮುಂದೇನೇ ಚೀಲ ಒಲೆಗೆ ಹಾಕಿದ್ಯಲ್ಲೇ!”

“ಚೀಲ ಸುಟ್ಟಿದ್ದು ನಿಜ ಅಮ್ಮಾ. ಒಳಗೆ ನನ್ನ ತೊಟ್ಟಿಲಿನ ಹಲಗೆ ಇಟ್ಟಿದ್ದೆ.”

ನಾನು ಹೊಡೆದೆ. ಅವಳಿಗೆ ಹತ್ತು ವರ್ಷವಾದ ಮೇಲೆ ಹೊಡೆದದ್ದು ಅದೇ ಮೊದಲು. ಗದ್ದಲ ಕೇಳಿ ದನ್ನೂನ್ ಒಳಗಿನ ಕೋಣೆಯಿಂದ ಬಂದರು. ವಿಷಯ ಕೇಳಿ ಬಾಗಿಲಿನಲ್ಲೇ ಕೂತರು. ಅವರು ಕೇಳಿದ ಮೊದಲ ಮಾತು, “ಏನು ನುಡಿಸ್ತಿದ್ದೆ?”

“ಸಬಾ, ಅಪ್ಪಾ.”

ಸಬಾ ಎಂದರೆ ನಮ್ಮಲ್ಲಿ ಎದೆ ಹಿಂಡುವ ರಾಗ. ದನ್ನೂನ್ ತಲೆದೂಗಿದರು. ನನಗೆ ಮೈಯೆಲ್ಲ ಉರಿಯಿತು. “ಕುತ್ತಿಗೆಗೆ ಕತ್ತಿ ಬಂದು ಕೂತಿದೆ, ಇವ್ರಿಗೆ ರಾಗ ಬೇಕಂತೆ! ಅಪ್ಪ ಮಗಳಿಬ್ರನ್ನೂ ಒಂದೇ ಚೀಲದಲ್ಲಿ ಹಾಕಿ ಸುಡ್ಬೇಕಾಗಿತ್ತು.”

“ಭಯ ಬೇಡ ಅಮ್ಮಾ” ಎಂದಳು ರೌನಕ್. “ಅಪ್ಪನ ಚೀಟೀನ ಕಡ್ಡಿ ಹಾಕಿ ಕೆರೆದು ತೆಗೆದಿದೀನಿ. ಸಿಕ್ಕಿದ್ರೂ ಯಾರದು ಅಂತ ಗೊತ್ತಾಗಲ್ಲ.”

ದನ್ನೂನ್‌ರ ಮುಖ ಬಿಳಿಚಿಕೊಂಡದ್ದನ್ನು ನಾನು ಕಂಡೆ. “ನನ್ನ ಹೆಸರು ಹೋದ್ರೇನು ಮಗಳೇ” ಎಂದರು. “ಮುಖದ ಒಳಗೆ ನಿನ್ನ ಹೆಸರಿದೆಯಲ್ಲ.”

ರಾತ್ರಿ ಒಲೆ ಹಚ್ಚಿದರೆ ಹೊಗೆ ನೋಡಿ ಕೇಳುವವರಿದ್ದರು. ಆಗ ಓಣಿಯಲ್ಲಿ ಗಸ್ತಿನ ಕಾರು ಬೇರೆ ನಿಂತಿತ್ತು. ಬೆಳಗ್ಗೆ ರೊಟ್ಟಿ ಬೇಯಿಸುವಾಗ ದನ್ನೂನ್ ಹೋಗಿ ತರುವುದು, ನಾನು ಸುಡುವುದು ಎಂದು ತೀರ್ಮಾನವಾಯಿತು.

ಬೆಳಗ್ಗೆ ನಾನು ಹಿಟ್ಟು ನಾದಿ ಮುಗಿಸಿರಲಿಲ್ಲ. ಪಕ್ಕದ ಮನೆಯ ಅಂಗಳದಲ್ಲಿ ಬೂಟಿನ ಸದ್ದಾಯಿತು, ಏನೋ ಉರುಳಿತು, ಯಾರೋ ನಕ್ಕರು. ದನ್ನೂನ್ ಮಾಳಿಗೆಯ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದವರು ಹಾಗೇ ನಿಂತರು. ನಾನು ರೌನಕ್‌ಳನ್ನು ಮೇಲಿನ ಕೋಣೆಗೆ ಅಟ್ಟಿ, “ಉಸಿರು ಬಿಟ್ರೆ ನೋಡು” ಎಂದು ಬಾಗಿಲು ಎಳೆದುಕೊಂಡು ಬಂದೆ. ಕರಿಬಟ್ಟೆ ಹಾಕಿಕೊಂಡು ಕೂತೆ. ನಮ್ಮ ಬಾಗಿಲು ತಟ್ಟುವ ಮುಂಚೆಯೇ ನನ್ನ ಕೈಯ ಹಿಟ್ಟು ಒಣಗಿತ್ತು.

ಬಂದವರು ನಾಲ್ವರು. ಇಬ್ಬರ ಕೈಯಲ್ಲಿ ಬಂದೂಕು. ಒಬ್ಬ ಪರದೇಶದ ಹುಡುಗ, ಎಳೆಯ ಗಡ್ಡ, ಪುಸ್ತಕದ ಅರಬ್ಬಿ ಮಾತಾಡುತ್ತಿದ್ದ. ಎಲ್ಲರೂ ಅವನನ್ನು ಶೇಖ್ ಎನ್ನುತ್ತಿದ್ದರು. ನಾಲ್ಕನೆಯವನು ಬಡಗಿ ಜರ್ಜೀಸ್. ಇಪ್ಪತ್ತು ವರ್ಷ ದನ್ನೂನ್‌ಗೆ ಮರದ ಹಲಗೆ ತಂದು ಕೊಟ್ಟವನು, ಹಬ್ಬದ ದಿನ ನನ್ನ ಕೈಯ ಕುಬ್ಬಾ ತಿಂದು ಬೆರಳು ನೆಕ್ಕಿದವನು. ಈ ಓಣಿಯ ಅರ್ಧಕ್ಕರ್ಧ ಬಾಗಿಲುಗಳನ್ನು ಮಾಡಿದವನು ಅವನೇ. ಯಾವ ಮನೆಯ ಚಿಲಕ ಎಲ್ಲಿದೆ, ಯಾವ ಬೀರುವಿಗೆ ಕಳ್ಳ ಅರೆ ಇದೆ ಎಂದು ಅವನಿಗೆ ಗೊತ್ತು. ಅದಕ್ಕೇ ಅವನನ್ನು ಜೊತೆಗಿಟ್ಟುಕೊಂಡಿದ್ದರು. ಅವನ ಕಂಕುಳಲ್ಲಿ ನಮ್ಮ ಕುಳ್ಳಿ ಇತ್ತು.

“ಸಲಾಮ್ ಉಸ್ತಾ” ಎಂದ ಜರ್ಜೀಸ್. ಕುಶಲಕರ್ಮಿಗಳನ್ನು ಹಾಗೆ ಕರೆಯುವುದು ಮರ್ಯಾದೆ, ಅವನು ಅದನ್ನು ಬಿಟ್ಟಿರಲಿಲ್ಲ. “ಚಳಿ ಹೆಚ್ಚಿದೆ ಅಲ್ವಾ? ಅಕ್ಕಾ, ಅಗ್ಗಿಷ್ಟಿಕೆ ಈ ಕಡೆ ಸರಿಸಿ. ಚಹಾ ಇದ್ರೆ ಕೊಡಿ.”

ನಾನು ಚಹಾ ಕೊಟ್ಟೆ. ಬಂದವರಿಗೆ ಚಹಾ ಕೊಡದೆ ನನಗೆ ಅಭ್ಯಾಸವಿಲ್ಲ, ಅದಕ್ಕಾಗಿ ನನ್ನ ಕೈಗೆ ನಾನೇ ಶಾಪ ಹಾಕಿಕೊಂಡೆ. ಅವನು ನಿಧಾನವಾಗಿ ಸಕ್ಕರೆ ಕಲಕಿ ಕುಡಿದ. ಕುಡಿದು ಮುಗಿಸಿ ಲೋಟ ಕೆಳಗಿಟ್ಟ ಮೇಲೆಯೇ ಊದ್ ಅನ್ನು ದನ್ನೂನ್‌ರ ಮುಂದೆ ಚಾಪೆಯ ಮೇಲಿಟ್ಟ.

“ಯಾರ ಕೆಲಸ ಇದು, ಉಸ್ತಾ?”

“ನಂದೇ. ಮೊದಲನೇದು. ಸುಡೋಕೆ ಮನಸ್ಸು ಬರ್ಲಿಲ್ಲ, ಪಕ್ಕದ ಮನೇಲಿಟ್ಟೆ. ತಪ್ಪಾಯ್ತು. ನನ್ನ ಕರ್ಕೊಂಡ್ಹೋಗಿ.”

ಶೇಖ್ ತಲೆಯಾಡಿಸಿದ. “ಹಿಂದಿನ ಬೀದಿಯವರು ಹೆಂಗಸಿನ ದನಿ ಕೇಳಿದ್ದಾರೆ. ಹಾಡಿದವಳು ಯಾರು?”

ಮೇಲಿನ ಕೋಣೆಯಲ್ಲಿ ನೆಲದ ಹಲಗೆ ಕಿರ್ ಎನ್ನದಿರಲಿ ಎಂದು ಬೇಡಿಕೊಳ್ಳುತ್ತ ನಾನೇ ಬಾಯಿ ತೆರೆದೆ.

“ನಾನು. ಊದೂ ನಂದೇ, ಹಾಡಿದ್ದೂ ನಾನೇ.”

ಜರ್ಜೀಸ್ ನಕ್ಕ. “ಅಕ್ಕಾ, ಹಾಡ್ಬೇಡಿ, ನುಡಿಸ್ಬೇಡಿ, ಅದು ಪಾಪ. ಬರೀ ಎತ್ತಿ ಹಿಡ್ಕೊಂಡು ತೋರಿಸಿ, ಸಾಕು.”

ನಾನು ಎತ್ತಿಕೊಂಡೆ. ಮೂವತ್ತೈದು ವರ್ಷ ಅದರ ಧೂಳು ಒರೆಸಿದ್ದೇನೆ, ಒಂದು ದಿನವೂ ಮಡಿಲಿಗಿಟ್ಟುಕೊಂಡಿರಲಿಲ್ಲ. ಅದು ಬಂದು ನನ್ನ ತೋಳಿನ ಮಡಿಕೆಯಲ್ಲಿ ಸುಮ್ಮನೆ ಕೂತಿತು. ಎಲ್ಲೂ ಒತ್ತಲಿಲ್ಲ, ಜಾರಲೂ ಇಲ್ಲ. ಆ ಗಳಿಗೆಯಲ್ಲಿ ಅದರ ಬಗ್ಗೆ ಯೋಚಿಸುವಷ್ಟು ಬುದ್ಧಿ ನನಗಿರಲಿಲ್ಲ. ತಂತಿಗಳ ನಡುವೆ ಸಿಕ್ಕಿಸಿದ್ದ, ಮೀಟುವ ಹದ್ದಿನ ಗರಿಯನ್ನು ಸೌಟು ಹಿಡಿದ ಹಾಗೆ ಮುಷ್ಟಿಯಲ್ಲಿ ಹಿಡಿದೆ.

“ಗರಿ ಹಿಡಿಯೋ ರೀತೀನಾ ಅದು? ಹಿಟ್ಟು ನಾದೋ ಕೈ ಇದು, ಶೇಖ್” ಎಂದ ಜರ್ಜೀಸ್.

“ಎದೆಗೆ ಬಂದೂಕು ಹಿಡಿದ್ರೆ ನಿನ್ನ ಕೈಲಿ ಉಳಿ ನಿಲ್ಲುತ್ತೇನೋ? ನಂದು ಅಂದ್ರೆ ನಂದು. ಏಳು, ಕರ್ಕೊಂಡು ನಡಿ.”

ಅವನು ನನ್ನ ಕಡೆ ನೋಡಲಿಲ್ಲ. ದನ್ನೂನ್‌ರನ್ನು ನೋಡುತ್ತ, “ಸುಮ್ನೆ ಜಗಳ ಯಾಕೆ ಉಸ್ತಾ, ನಿಮ್ಮ ಪೆನ್ಸಿಲ್ ಇದೆಯಲ್ಲ” ಎಂದ. “ಮುಖ ಬಿಚ್ಚಿ. ನೀವೇ ಬಿಚ್ಚಿ, ನಾನು ಕೈ ಹಾಕಿದ್ರೆ ಚೂರಾಗುತ್ತೆ, ಹೆಸರು ಓದೋಕಾಗಲ್ಲ.”

ಇಪ್ಪತ್ತು ವರ್ಷ ಅಂಗಡಿಯಲ್ಲಿ ಕೂತು ಹರಟೆ ಹೊಡೆದವನು ಅದನ್ನು ನೋಡದೆ ಇರುತ್ತಾನೆಯೇ? ಮುಖ ಬಿಚ್ಚಿದರೆ ರೌನಕ್ ಎಂಬ ಹೆಸರು ಕಾಣುತ್ತದೆ, ನಾಲ್ವರು ಮೆಟ್ಟಿಲು ಹತ್ತುತ್ತಾರೆ, ಅಷ್ಟೇ. ದನ್ನೂನ್ ಆಗುವುದಿಲ್ಲ ಎನ್ನಲಿ ಎಂದು ಕಾದೆ. ಅವರು ಎದ್ದು ಹೋಗಿ ತಮ್ಮ ತೆಳು ಚಾಕು, ಒದ್ದೆ ಬಟ್ಟೆ ತಂದರು. ಬೇಡ ಎಂದರೆ ಆ ಹುಡುಗ ಅದನ್ನು ಬೂಟಿನಲ್ಲಿ ತುಳಿಯುತ್ತಿದ್ದ, ಚೂರುಗಳಲ್ಲೂ ಹೆಸರು ಉಳಿಯುತ್ತಿತ್ತು. ಅದು ನನಗೆ ಆಮೇಲೆ ಹೊಳೆಯಿತು. ಆಗ ಮಾತ್ರ ನನ್ನ ಗಂಡನಷ್ಟು ಹೇಡಿ ಈ ಊರಲ್ಲೇ ಇಲ್ಲ ಅನ್ನಿಸಿತು.

ಹನ್ನೊಂದು ತಂತಿಗಳನ್ನು ಒಂದೊಂದಾಗಿ ಸಡಿಲಿಸಿ ತೆಗೆದರು. ಊದ್ ಅನ್ನು ಅಗ್ಗಿಷ್ಟಿಕೆಯ ಪಕ್ಕಕ್ಕೇ ಇಟ್ಟುಕೊಂಡರು. ಚಾಕುವನ್ನು ಕೆಂಡದಲ್ಲಿ ಕಾಯಿಸುವುದು, ಒದ್ದೆ ಬಟ್ಟೆಗೆ ಮುಟ್ಟಿಸುವುದು, ಮುಖ ಹೊಟ್ಟೆ ಸೇರುವ ಅಂಚಿನಲ್ಲಿ ತೂರಿಸುವುದು. ಚರ್ಮ ಕುದಿಸಿ ಮಾಡಿದ ಅಂಟು ಮೆತ್ತಗಾಗಿ ವಾಸನೆ ಬಂತು. ರಿಪೇರಿಗೆ ಬಂದ ಎಷ್ಟೋ ಊದ್‌ಗಳನ್ನು ಅವರು ಹೀಗೆ ಬಿಚ್ಚುವುದನ್ನು ನೋಡಿದ್ದೇನೆ. ಆಗೆಲ್ಲ ಬಾಯಲ್ಲಿ ಏನಾದರೂ ಗುನುಗುತ್ತಿದ್ದರು. ಅವತ್ತು ಅವರ ಉಸಿರು ಮಾತ್ರ ಕೇಳುತ್ತಿತ್ತು. ತುಂಬ ಹೊತ್ತು ತೆಗೆದುಕೊಂಡರು. ಒಂದು ಸಲ ತಲೆಯೆತ್ತಿ ನನ್ನನ್ನು ನೋಡಿದರು, ಕಣ್ಣಲ್ಲಿ ನೀರಿತ್ತು. ಮಗಳಿಗೆಂದು ಅಳುತ್ತಿದ್ದಾರೆ ಎಂದುಕೊಂಡೆ.

ಬಾಲದ ಕಡೆಯಿಂದ ಮುಖ ಮೇಲೆದ್ದಿತು. ದನ್ನೂನ್ ಅದರಡಿ ಎಡಗೈ ತೂರಿಸಿ ಎತ್ತಿದರು, ಟಕ್ ಎಂದು ಸದ್ದಾಯಿತು. ಕೆಳಗಿನ ಗೇಣುದ್ದದ ತುಂಡು ಅಡ್ಡಕ್ಕೆ ಮುರಿದು ಅವರ ಕೈಯಿಂದ ಜಾರಿ ಕೆಂಡಕ್ಕೆ ಬಿತ್ತು. ಕಾಗದಕ್ಕಿಂತ ಸ್ವಲ್ಪ ದಪ್ಪವಿರುವ ಹಳೆಯ ಮರ, ಭಗ್ಗೆಂದು ಹತ್ತಿಕೊಂಡಿತು. ಜರ್ಜೀಸ್ ಹಾರಿ ಬಂದು ಇಕ್ಕಳ ಹಾಕಿದ, ಸಿಕ್ಕಿದ್ದು ಬೂದಿ. ಬಂದೂಕಿನವನೊಬ್ಬ ದನ್ನೂನ್‌ರ ಬಾಯಿಗೆ ಬಂದೂಕಿನ ಹಿಡಿಯಿಂದ ಗುದ್ದಿದ. ಅವರು ಮಗುಚಿ ಬಿದ್ದರು.

“ಕೈ ಜಾರಿತು” ಎಂದರು, ಬಾಯಿ ತುಂಬ ರಕ್ತ.

ನಲವತ್ತು ವರ್ಷ ಜಾರದ ಕೈ. ಹೇಡಿ ಎಂದುಕೊಂಡಿದ್ದೆನಲ್ಲ, ನನಗೆ ನಾಚಿಕೆಯಾಯಿತು, ಜೊತೆಗೆ ಕೂಗಿ ನಗಬೇಕೆನ್ನಿಸುವಷ್ಟು ಸಂತೋಷವಾಯಿತು. ಮಗಳ ಹೆಸರು ಸುಟ್ಟುಹೋಗಿತ್ತು. ಅವರು ಇನ್ನು ಏನು ಓದುತ್ತಾರೆ, ಓದಲಿ.

ಜರ್ಜೀಸ್ ಉಳಿದ ಮುಖವನ್ನು ಕಿತ್ತು ತಿರುಗಿಸಿ ಬೆಳಕಿಗೆ ಹಿಡಿದ. ಕತ್ತಿನ ಕಡೆ, ಮೊದಲ ಎರಡು ಅಡ್ಡಪಟ್ಟಿಗಳ ನಡುವೆ, ಮಾಸಿದ ಪೆನ್ಸಿಲ್ ಗೆರೆ ಇತ್ತು. ಅವನು ಅದನ್ನು ಮನಸ್ಸಿನಲ್ಲೇ ಓದಿಕೊಂಡ. ಆಮೇಲೆ ನನ್ನ ಕಡೆ ತಿರುಗಿ ಕಣ್ಣಿಗೆ ಕಣ್ಣು ಕೊಟ್ಟ, ಬಂದಾಗಿನಿಂದ ಅದೇ ಮೊದಲ ಸಲ.

“ವಸ್ಫಿಯಾ ಅಂತಿದೆ” ಎಂದ. “ನಿಮ್ಮ ಹೆಸರೇ ಅಲ್ವಾ ಅಕ್ಕಾ?”

ನನ್ನ ಹೆಸರೇ. ಕೆಳಗೆ ಇಸವಿ, ನಮ್ಮ ಮದುವೆಯ ಹಿಂದಿನ ವರ್ಷದ್ದು, ಸಂಬಂಧ ನಿಶ್ಚಯವಾದ ವರ್ಷ. ಎಳೆಯ ಕೈಬರಹ, ಇಪ್ಪತ್ತೆರಡರ ಹುಡುಗ ಉಸಿರು ಬಿಗಿಹಿಡಿದು ಬರೆದದ್ದು. ಅದನ್ನು ಅಳಿಸಲು ಅವರಿಗೆ ಮನಸ್ಸಾಗಿರಲಿಲ್ಲ. ಹದಿನಾಲ್ಕು ವರ್ಷದ ಹಿಂದೆ ಮಗಳ ಹೆಸರನ್ನು ಬಾಲದ ಕಡೆ ಬರೆದು, ನನ್ನದನ್ನು ಇದ್ದಲ್ಲೇ ಬಿಟ್ಟು ಮುಚ್ಚಿದ್ದರು. ಎರಡು ಹೆಸರುಗಳಿದ್ದವು, ಒಂದನ್ನು ಮಾತ್ರ ಬೆಂಕಿಗೆ ಹಾಕಬಹುದಾಗಿತ್ತು. ಅವರು ಕಣ್ಣಲ್ಲಿ ನೀರಿಟ್ಟುಕೊಂಡು ನನ್ನನ್ನು ನೋಡಿದ್ದು ಅದಕ್ಕೆ.

ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಅವರು ಬೇರೆ ಮಾಡಿದ್ದರೆ ಜನ್ಮದಲ್ಲಿ ಕ್ಷಮಿಸುತ್ತಿರಲಿಲ್ಲ. ಆದರೂ ಹೆದರಿಕೆಯಾಯಿತು, ಸುಳ್ಳು ಹೇಳಲಾರೆ.

“ನಂದು ಅಂತ ಆಗ್ಲೇ ಬಡ್ಕೊಂಡೆನಲ್ಲ” ಎಂದೆ. “ಕಿವಿಗೇನು ಹತ್ತಿ ಇಟ್ಕೊಂಡಿದ್ರಾ?”

ಶೇಖ್‌ಗೆ ಸಮಾಧಾನವಾಯಿತು. ಒಬ್ಬ ಹೆಂಗಸಿನ ದನಿ, ಒಬ್ಬ ಹೆಂಗಸಿನ ಹೆಸರು, ಅವನ ಕೆಲಸ ಮುಗಿಯಿತು. ಜರ್ಜೀಸ್ ಮಾತ್ರ ಇಕ್ಕಳದಿಂದ ಕೆಂಡ ಕೆದಕುತ್ತಲೇ ಇದ್ದ. ಆ ತುಂಡಿನದೊಂದು ಕರಿಯ ಚೂರು ಅಂಚಿನಲ್ಲಿ ಉಳಿದಿತ್ತು, ಅದನ್ನು ಎತ್ತಿ ನೋಡಿದ. ನಂತರ ಮೇಲಿನ ಕೋಣೆಯ ಬಾಗಿಲನ್ನು ನೋಡಿದ. ಆ ಬಾಗಿಲು ಅವನೇ ಮಾಡಿದ್ದು. ಚೂರನ್ನು ಮತ್ತೆ ಕೆಂಡದ ನಡುವೆ ತಳ್ಳಿ, ಅದು ಬೂದಿಯಾಗುವವರೆಗೆ ಇಕ್ಕಳ ಒತ್ತಿ ಹಿಡಿದ. ದಯೆಯೋ, ಇನ್ನೊಂದು ದಿನಕ್ಕೆಂದು ಇಟ್ಟುಕೊಂಡ ಲೆಕ್ಕವೋ, ಇವತ್ತಿಗೂ ನನಗೆ ಗೊತ್ತಿಲ್ಲ. ಎದ್ದು, “ನಡೀರಿ ಅಕ್ಕಾ” ಎಂದ.

“ಹಿಟ್ಟಿನ ಮೇಲೆ ಒದ್ದೆ ಬಟ್ಟೆ ಮುಚ್ಚಿ, ಒಣಗಿಹೋಗುತ್ತೆ” ಎಂದು ದನ್ನೂನ್‌ಗೆ ಹೇಳುವ ನೆಪದಲ್ಲಿ ಅವರ ಹತ್ತಿರ ಬಗ್ಗಿದೆ. “ಇವತ್ತೇ ಅವಳನ್ನ ಊರು ದಾಟಿಸಿ” ಎಂದು ಉಸಿರಿನಲ್ಲೇ ಹೇಳಿದೆ. ಅವರು ಕಣ್ಣು ಮುಚ್ಚಿ ತೆರೆದರು. ಹೇಳಬೇಕಾದ್ದು ಅಷ್ಟೇ ಇತ್ತು. ಆದರೂ ನನ್ನ ಬಾಯಿ ನಿಲ್ಲಲಿಲ್ಲ.

“ಅಳತೆ ತಪ್ಪೋಯ್ತು ಅಂದಿದ್ರಲ್ಲ ನೀವು?”

ಅವರು ಒಡೆದ ತುಟಿಯಲ್ಲಿ ಏನೋ ಅಂದರು, ಮೊದಲು ತಿಳಿಯಲಿಲ್ಲ. ಮತ್ತೆ ಅಂದರು. “ನೀನು ನಕ್ಕೆಯಲ್ಲ ಕಣೇ... ನಿನ್ನ ತೋಳಿನ ಅಳತೆ ಅಂತ ಹೇಗೆ ಹೇಳ್ಲಿ?”

ಯಾರೋ ನನ್ನ ರೆಟ್ಟೆ ಹಿಡಿದು ಎಬ್ಬಿಸಿದರು. ಓಣಿಯ ಬಾಗಿಲುಗಳೆಲ್ಲ ಮುಚ್ಚಿದ್ದವು. ಕಾರಿನ ಹಿಂದಿನ ಸೀಟಿನಲ್ಲಿ ನನ್ನನ್ನು ಕೂರಿಸಿದರು, ಪಕ್ಕದಲ್ಲಿ ಅವರದೇ ಒಬ್ಬ ಹೆಂಗಸು, ಮಡಿಲಲ್ಲಿ ಚಾಟಿ ಇಟ್ಟುಕೊಂಡು. ಕಾರು ಸೇತುವೆಯ ಕಡೆ ತಿರುಗಿತು. ನಾನು ಕರಿಬಟ್ಟೆಯೊಳಗೆ, ಅವಳಿಗೆ ಕಾಣದ ಹಾಗೆ, ಬಲತೋಳನ್ನು ಎದೆಯ ಮುಂದೆ ಗುಂಡಗೆ ಮಡಿಸಿ ನೋಡಿಕೊಂಡೆ. ಅಳತೆ ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ.